ಶಾಲೆಯ ನಾಟಕಕ್ಕೆ ಊರಿನ ಕೊರಳು

ಮಲೆನಾಡಿನ ಹಳ್ಳಿ ಶಾಲೆಯ ವಾರ್ಷಿಕೋತ್ಸವ ಎಂದರೆ ಬಹುಕಾಲ ನಾಟಕವೇ ಆಗಿತ್ತು. ಬಹುಮಾನ ಹಂಚಿಕೆ, ಅತಿಥಿಗಳ ಭಾಷಣ, ಮುಖ್ಯೋಪಾಧ್ಯಾಯರ ವರದಿ ಇವೆಲ್ಲ ಹೊತ್ತು ಮುಳುಗುವುದರೊಳಗೆ ಮುಗಿಯುತ್ತಿದ್ದವು. ಊಟ ಮುಗಿಸಿ ಬಂದವರಿಗೆ ಚಪ್ಪರದ ಕಡೆಯಿಂದ ಹಾರ್ಮೋನಿಯಂ ಸದ್ದು ಕೇಳಿದಾಗಲೇ ಉತ್ಸವ ಶುರುವಾದ ಹಾಗೆ. ಭತ್ತದ ಕೊಯ್ಲು ಮುಗಿದು ಅಡಿಕೆ ಸುಲಿತ ನಡೆಯುವ ತಿಂಗಳುಗಳು, ಅಂದರೆ ಡಿಸೆಂಬರಿನಿಂದ ಫೆಬ್ರವರಿಯವರೆಗೆ, ಇದರ ಕಾಲ. ಆಡುವವರು ಮಕ್ಕಳು, ಕಲಿಸುವವರು ಮೇಷ್ಟ್ರು. ಹಾಡಿಗೆ, ತಾಳಕ್ಕೆ, ವೇಷಕ್ಕೆ, ಬೆಳಕಿಗೆ, ಚಪ್ಪರಕ್ಕೆ ಮಾತ್ರ ಊರೇ ಬರಬೇಕಿತ್ತು. ಶಾಲಾ ನಾಟಕದ ಚರಿತ್ರೆಯನ್ನು ಶಿಕ್ಷಣ ಇಲಾಖೆಯ ಕಡತಗಳಲ್ಲಿ ಹುಡುಕುವುದಕ್ಕಿಂತ ಊರಿನ ಹಾಡುಗಾರಿಕೆಯಲ್ಲಿ ಹುಡುಕುವುದು ಸರಿ.

ಆ ಹಾಡುಗಾರಿಕೆಯನ್ನು ತುಂಗಾ ನದಿಯ ದಂಡೆಯಲ್ಲಿ ಹುಡುಕೋಣ. ಶಿವಮೊಗ್ಗದಿಂದ ತೀರ್ಥಹಳ್ಳಿ ರಸ್ತೆಯಲ್ಲಿ ಸುಮಾರು 14 ಕಿಲೋಮೀಟರ್ ಹೋದರೆ ಸಿಗುವ ಸಕ್ರೆಬೈಲು ಇಂದು ಆನೆ ಬಿಡಾರದಿಂದ ಹೆಸರಾಗಿದೆ. ಒಂದು ಬದಿಗೆ ಗಾಜನೂರು ಅಣೆಕಟ್ಟಿನ ಹಿನ್ನೀರು, ಇನ್ನೊಂದು ಬದಿಗೆ ಶೆಟ್ಟಿಹಳ್ಳಿ ಅಭಯಾರಣ್ಯದ ಕಾಡು. ಬೆಳಿಗ್ಗೆ ಮಾವುತರು, ಕಾವಾಡಿಗಳು ಆನೆಗಳನ್ನು ತುಂಗೆಗೆ ಇಳಿಸಿ ಮೈ ತೊಳೆಯುವುದನ್ನು ನೋಡಲು ಶಾಲೆಗಳಿಂದ ಮಕ್ಕಳು ಬಸ್ಸು ತುಂಬಿಕೊಂಡು ಬರುತ್ತಾರೆ. ಇಲ್ಲಿಂದ ನದಿಯ ಮೇಲ್ಬದಿಗೆ ತೀರ್ಥಹಳ್ಳಿ, ಮಂಡಗದ್ದೆ. ಕೆಳಗೆ ಗಾಜನೂರು, ಹೊಸಹಳ್ಳಿ, ಮತ್ತೂರು, ಆಮೇಲೆ ಶಿವಮೊಗ್ಗ ಪಟ್ಟಣ. ಕೂಡಲಿಯಲ್ಲಿ ಭದ್ರೆಯನ್ನು ಸೇರುವವರೆಗಿನ ಈ ನದಿಯ ದಂಡೆಯಲ್ಲಿ ಹಾಡಿ ಕಥೆ ಹೇಳುವ ಬಗೆಗಳು ಒಂದೆರಡಲ್ಲ. ಶಾಲೆಯ ನಾಟಕ ಅವೆಲ್ಲವುಗಳಿಂದಲೂ ಸಾಲ ತಂದಿದೆ.

ದೊಡ್ಡ ಸಾಲ ಯಕ್ಷಗಾನದ್ದು. ದೀಪಾವಳಿ ಕಳೆದ ಮೇಲೆ ಮಂದಾರ್ತಿಯಂಥ ಕ್ಷೇತ್ರಗಳ ಮೇಳಗಳು ಘಟ್ಟ ಹತ್ತಿ ಬಂದು ಮಲೆನಾಡಿನ ಮನೆಗಳ ಮುಂದೆ ಹರಕೆಯಾಟ ಆಡುತ್ತವೆ. ಹರಕೆ ಹೊತ್ತದ್ದು ಒಂದು ಮನೆ, ಆಟ ನೋಡುವುದು ಇಡೀ ಸೀಮೆ. ಭಾಗವತನ ಪದಕ್ಕೆ ಪಾತ್ರಧಾರಿ ಕುಣಿದು, ಪದ ನಿಂತಲ್ಲಿಂದ ಮಾತು ಎತ್ತಿಕೊಳ್ಳುವ ಕ್ರಮ ಇಲ್ಲಿನ ಮಕ್ಕಳಿಗೆ ಅಕ್ಷರಕ್ಕಿಂತ ಮೊದಲೇ ಪರಿಚಯ. ಅಡಿಕೆ ಹಾಳೆಯನ್ನು ಕತ್ತರಿಸಿ ಕಿರೀಟ ಮಾಡಿಕೊಂಡು, ತಗಡಿನ ಡಬ್ಬವನ್ನು ಚೆಂಡೆ ಮಾಡಿಕೊಂಡು ಅಂಗಳದಲ್ಲಿ ಕುಣಿದ ಹುಡುಗರೇ ನಾಳೆ ಶಾಲೆಯ ರಂಗಕ್ಕೆ ಬರುವವರು. ದೀಪಾವಳಿಯಲ್ಲಿ ಬಲಿಪಾಡ್ಯಮಿಯ ರಾತ್ರಿಯಿಂದ ಜ್ಯೋತಿ ಹಿಡಿದು ಮನೆಯಿಂದ ಮನೆಗೆ ಹಾಡುತ್ತ ಹೋಗುವ ಅಂಟಿಗೆ ಪಂಟಿಗೆಯವರದು ಇನ್ನೊಂದು ಬಗೆ. ಅಲ್ಲಿ ಒಬ್ಬರು ಎತ್ತಿಕೊಟ್ಟ ಸೊಲ್ಲನ್ನು ಉಳಿದವರು ಸೇರಿ ಹೇಳುತ್ತಾರೆ. ಗುಂಪಿನಲ್ಲಿ ಹಾಡುವುದಕ್ಕೆ ಬೇಕಾದ ಕಿವಿ ಬೆಳೆಯುವುದು ಇಂಥ ಕಡೆಯೇ.

ಕಾವ್ಯವನ್ನು ರಾಗವಾಗಿ ಓದುವ ಗಮಕದ ಪಾಲು ಬೇರೆ ತೆರನಾದದ್ದು. ತುಂಗೆಯ ಎರಡು ದಂಡೆಗಳಲ್ಲಿ ಎದುರುಬದುರಾಗಿರುವ ಮತ್ತೂರು ಮತ್ತು ಹೊಸಹಳ್ಳಿಗಳಲ್ಲಿ ಮೊದಲನೆಯದು ಸಂಸ್ಕೃತಕ್ಕೆ ಹೆಸರಾದರೆ ಎರಡನೆಯದು ಕುಮಾರವ್ಯಾಸ ಭಾರತದ ವಾಚನಕ್ಕೆ ಹೆಸರು. ಹೊಸಹಳ್ಳಿಯ ಗಮಕಿ ಎಚ್. ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂದಾಗ ಹೊರಗಿನವರ ಗಮನ ಆ ಊರಿನತ್ತ ತಿರುಗಿತು. ಗಮಕದಲ್ಲಿ ರಾಗಕ್ಕಿಂತ ಮಾತು ಮುಂದು. ಪದ್ಯದ ಪ್ರತಿ ಶಬ್ದವೂ ಕೇಳುಗನ ಕಿವಿಗೆ ಒಡೆದು ಬೀಳಬೇಕು. ಮಕ್ಕಳು ವೇದಿಕೆಯ ಮೇಲೆ ಹಾಡುವಾಗ ಎದ್ದು ಕಾಣುವ ತೊಂದರೆ ರಾಗ ತಪ್ಪುವುದಲ್ಲ, ಮಾತು ಕೇಳದೆ ಹೋಗುವುದು. ಹಾಗಾಗಿ ಗಮಕ ಬಲ್ಲವರೊಬ್ಬರು ಇರುವ ಊರಿನ ಶಾಲೆ ನಾಟಕದಲ್ಲಿ ಒಂದು ಹೆಜ್ಜೆ ಮುಂದೆಯೇ ಇರುತ್ತದೆ.

ಕಂಪನಿ ನಾಟಕ ಬಂದದ್ದು ಪಟ್ಟಣಗಳ ಕಡೆಯಿಂದ. 1884ರಲ್ಲಿ ಹುಟ್ಟಿದ ಗುಬ್ಬಿ ಚನ್ನಬಸವೇಶ್ವರ ನಾಟಕ ಕಂಪನಿಯೂ ಅದರ ಹಿಂದೆ ಮುಂದೆ ಹುಟ್ಟಿದ ಕಂಪನಿಗಳೂ ಕಾಲು ಹಾರ್ಮೋನಿಯಂ, ಬಣ್ಣದ ಪರದೆ, ಕಂದಪದ್ಯ, ರಂಗಗೀತೆಗಳನ್ನು ನಾಡಿನ ಮೂಲೆಗೆ ಮುಟ್ಟಿಸಿದವು. ಗುಬ್ಬಿ ಕಂಪನಿಯ ವೀರಣ್ಣನವರು ತಮ್ಮ ಕುರುಕ್ಷೇತ್ರ ನಾಟಕಕ್ಕೆ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದಿದ್ದರು. ಮೂರು ವರ್ಷಕ್ಕೊಮ್ಮೆ ನಡೆಯುವ ಸಾಗರದ ಮಾರಿಕಾಂಬಾ ಜಾತ್ರೆಯಂಥ ಜಾತ್ರೆಗಳಿಗೆ ಕಂಪನಿಗಳು ಬಂದು ಬಿಡಾರ ಹೂಡುತ್ತಿದ್ದವು. ಅಲ್ಲಿ ಕೇಳಿದ ಹಾಡು ಹಳ್ಳಿಗೆ ಬಂದು, ಊರಿನ ಹವ್ಯಾಸಿಗಳ ಬಾಯಲ್ಲಿ ಸ್ವಲ್ಪ ಮಾರ್ಪಟ್ಟು, ಕೊನೆಗೆ ಶಾಲೆಯ ಚಪ್ಪರ ಸೇರುತ್ತಿತ್ತು. ಹಳ್ಳಿಗೆ ಬಂದು ತಿಂಗಳುಗಟ್ಟಲೆ ಉಳಿದು ಪೌರಾಣಿಕ ನಾಟಕ ಕಲಿಸುತ್ತಿದ್ದ ನಾಟಕದ ಮೇಷ್ಟ್ರು ಎಂಬ ವೃತ್ತಿಯೂ ಹೀಗೆಯೇ ಬೆಳೆಯಿತು.

ಮಕ್ಕಳಿಗೆಂದೇ ಬರೆದ ನಾಟಕ ಕನ್ನಡದಲ್ಲಿ ಮೊದಮೊದಲು ತೀರ ಕಡಿಮೆ. ದೊಡ್ಡವರ ಹರಿಶ್ಚಂದ್ರ, ಪ್ರಹ್ಲಾದ, ಧ್ರುವರ ಕಥೆಗಳನ್ನೇ ಮೊಟಕುಮಾಡಿ ಶಾಲೆಗಳು ಆಡಿಸುತ್ತಿದ್ದವು. ಗಂಡುಹುಡುಗರು ಚಂದ್ರಮತಿಯಾಗಿ, ಕಯಾದುವಾಗಿ ಸೀರೆ ಉಡುತ್ತಿದ್ದರು. ಮಾತು ಮಕ್ಕಳ ವಯಸ್ಸಿಗೆ ಭಾರ, ಹಾಡು ಮಕ್ಕಳ ಕಂಠಕ್ಕೆ ಎತ್ತರ. ಈ ಕೊರತೆಯನ್ನು ತುಂಬಲು ಮುಂದಾದ ಮೊದಲಿಗರಲ್ಲಿ ಒಬ್ಬರು ಇದೇ ತುಂಗೆಯ ಮೇಲ್ದಂಡೆಯ ಸೀಮೆಯವರು, ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯ ಕುವೆಂಪು.

ಕುವೆಂಪು ಅವರ ಮಕ್ಕಳ ನಾಟಕ ಮೋಡಣ್ಣನ ತಮ್ಮ 1926ರದು, ನನ್ನ ಗೋಪಾಲ 1930ರದು. ಆ ಕಾಲದಲ್ಲೇ ಅವರು ಬರೆದ ಕಥನಕವನ ಬೊಮ್ಮನಹಳ್ಳಿಯ ಕಿಂದರಿಜೋಗಿ. ಅದು ನಾಟಕವೆಂದು ಬರೆದದ್ದಲ್ಲ. ಆದರೂ ಕನ್ನಡದ ಶಾಲೆಗಳು ಅದನ್ನು ಆಡಿದಷ್ಟು ಸಲ ಬೇರೆ ಯಾವ ಮಕ್ಕಳ ಪದ್ಯವನ್ನೂ ಆಡಿರಲಾರವು. ಇಲಿಗಳ ಕಾಟ ತೀರಿಸಿದವನಿಗೆ ಕೊಟ್ಟ ಮಾತಿಗೆ ತಪ್ಪಿ ಮಕ್ಕಳನ್ನೇ ಕಳೆದುಕೊಂಡ ಜರ್ಮನಿಯ ಹ್ಯಾಮೆಲಿನ್ ಪಟ್ಟಣದ ಐತಿಹ್ಯವನ್ನು ರಾಬರ್ಟ್ ಬ್ರೌನಿಂಗ್ ಎಂಬ ಇಂಗ್ಲಿಷ್ ಕವಿ ಪದ್ಯ ಮಾಡಿದ್ದರು. ಕುವೆಂಪು ಆ ಕಥೆಯನ್ನು ವೇಸರ್ ನದಿಯಿಂದ ಎತ್ತಿ ತುಂಗೆಯ ದಂಡೆಗೆ ತಂದಿಟ್ಟರು. ಅಲ್ಲಿನ ಮೇಯರ್ ಇಲ್ಲಿ ಗೌಡನಾದ. ಕೊಳಲೂದುವ ಪರದೇಶಿ ಇಲ್ಲಿ ಕಿಂದರಿ ಬಾರಿಸುವ ಜೋಗಿಯಾದ. ಕಿನ್ನರಿ ಎಂಬ ತಂತಿವಾದ್ಯ ಹಿಡಿದು ಮಹಾಭಾರತದ ಕಥೆಗಳನ್ನು ಹಾಡುತ್ತ ಊರೂರು ತಿರುಗುವ ಜೋಗಿಗಳು ಕನ್ನಡ ನಾಡಿಗೆ ಹಳಬರು. ಹೀಗಾಗಿ ಕಥೆ ಎಲ್ಲಿಂದ ಬಂತೆಂದು ಗೊತ್ತಿಲ್ಲದ ಮಗುವಿಗೂ ಅದು ಪರಸ್ಥಳದ್ದು ಅನ್ನಿಸುವುದೇ ಇಲ್ಲ.

ಶಾಲೆಯ ರಂಗಕ್ಕೆ ಕಿಂದರಿಜೋಗಿ ಇಷ್ಟು ಒಗ್ಗಿದ್ದಕ್ಕೆ ಅದರ ಒಡಲಲ್ಲೇ ಕಾರಣಗಳಿವೆ. ಅದರಲ್ಲಿ ಇಲಿಗಳು ಎಷ್ಟು ಬೇಕಾದರೂ ಇರಬಹುದು. ಮಾತು ಬಾರದ, ಹಾಡು ನಿಲ್ಲದ, ಒಂದನೇ ತರಗತಿಯ ಮಗುವೂ ಬಾಲ ಕಟ್ಟಿಕೊಂಡು ಓಡಿದರೆ ಸಾಕು, ಪಾತ್ರ ಮಾಡಿದ ಹಾಗೆ. ಇಲಿಗಳಾದವರೇ ಆಮೇಲೆ ಜೋಗಿಯ ಹಿಂದೆ ಹೋಗುವ ಮಕ್ಕಳಾಗಬಹುದು. ಪದ್ಯದ ಓಟವೇ ತಾಳ ಹೇಳಿಕೊಡುತ್ತದೆ, ಬೇರೆ ರಾಗಸಂಯೋಜನೆ ಬೇಡ. ಎಲ್ಲಕ್ಕಿಂತ ಹೆಚ್ಚಾಗಿ, ಊರೇ ಅದರಲ್ಲೊಂದು ಪಾತ್ರ. ಇಲಿಗಳ ಕಾಟಕ್ಕೆ ಗೋಳಿಡುವ ಜನ, ಗೌಡನ ಮನೆಗೆ ನುಗ್ಗುವ ಜನ, ಕೊನೆಗೆ ಮಕ್ಕಳನ್ನು ಕಳೆದುಕೊಂಡು ನಿಲ್ಲುವ ಜನ ಇವರ ಹಾಡನ್ನು ಚಪ್ಪರದ ಕೆಳಗೆ ಕೂತವರಿಂದಲೇ ಹಾಡಿಸಿದರೆ ಕಥೆಯ ಏಟು ಇಮ್ಮಡಿಯಾಗುತ್ತದೆ. ಆಡಿದ ಮಾತಿಗೆ ತಪ್ಪಿದ ಊರು ಮಕ್ಕಳನ್ನು ಕಳೆದುಕೊಂಡಿತು ಎಂಬ ಕಥೆಯನ್ನು ಮಕ್ಕಳೇ ಊರಿನ ಎದುರು ಆಡುವುದು ಸಣ್ಣ ಮಾತಲ್ಲ.

ನನ್ನ ಗೋಪಾಲದ ಹಾದಿ ಇನ್ನೂ ದೂರ ಹೋಗಿದೆ. ವಿವೇಕಾನಂದರು ಹೇಳುತ್ತಿದ್ದ ಒಂದು ಕಥೆ ಅದರ ಹಿಂದಿದೆ. ಬಡ ವಿಧವೆಯ ಮಗ ಕಾಡು ಹಾಯ್ದು ಶಾಲೆಗೆ ಹೋಗಬೇಕು. ಹೆದರಿದ ಮಗನಿಗೆ ತಾಯಿ, ಕಾಡಿನಲ್ಲಿ ನಿನ್ನ ಅಣ್ಣ ಗೋಪಾಲನಿದ್ದಾನೆ, ಕರೆ, ಬರುತ್ತಾನೆ ಎನ್ನುತ್ತಾಳೆ. ಹುಡುಗ ಕರೆಯುತ್ತಾನೆ, ಅವನು ಬರುತ್ತಾನೆ. ಮುಂದೆ ಗುರುಗಳ ಮನೆಯ ಕಾರ್ಯಕ್ಕೆ ಶಿಷ್ಯರೆಲ್ಲ ಏನಾದರೊಂದು ತಂದುಕೊಡಬೇಕಾಗಿ ಬಂದಾಗ ಈ ಹುಡುಗ ಗೋಪಾಲ ಕೊಟ್ಟ ಒಂದು ಪುಟ್ಟ ಕುಡಿಕೆ ಮೊಸರು ತರುತ್ತಾನೆ; ಎಷ್ಟು ಬಡಿಸಿದರೂ ಅದು ಬರಿದಾಗುವುದಿಲ್ಲ. ಕಾಡುದಾರಿಯಲ್ಲಿ ನಡೆದು ಶಾಲೆ ಮುಟ್ಟುತ್ತಿದ್ದ ಮಲೆನಾಡಿನ ಮಕ್ಕಳಿಗೆ ಇದು ಕಥೆ ಮಾತ್ರ ಆಗಿರಲಿಲ್ಲ. ಸಕ್ರೆಬೈಲಿನ ಸುತ್ತಿನ ಕಾಡಂಚಿನಲ್ಲಿ ಇವತ್ತಿಗೂ ಆ ಅಂಜಿಕೆ ಅರ್ಥವಾಗುತ್ತದೆ.

ಈ ನಾಟಕವನ್ನು ಘಟ್ಟದ ಕೆಳಗೆ, ಬಂಟ್ವಾಳ ಸೀಮೆಯ ಒಂದು ಶಾಲೆಯಲ್ಲಿ ಪಿ. ಕೆ. ನಾರಾಯಣ ಎಂಬ ಮೇಷ್ಟ್ರು ಮಕ್ಕಳಿಂದ ಆಡಿಸಿದರು. ಅದರಲ್ಲಿ ಪಾತ್ರ ಮಾಡಿದ ಮೂರನೇ ತರಗತಿಯ ಹುಡುಗ ಬಿ. ವಿ. ಕಾರಂತ. ಅವರ ರಂಗಬದುಕು ಆರಂಭವಾದದ್ದು ಅಲ್ಲಿಂದ. ಮನೆ ಬಿಟ್ಟು ಗುಬ್ಬಿ ಕಂಪನಿ ಸೇರಿದ್ದು, ವೀರಣ್ಣನವರ ನೆರವಿನಿಂದ ಕಾಶಿಗೆ ಹೋಗಿ ಓದಿದ್ದು, ಅಲ್ಲಿ ಓಂಕಾರನಾಥ ಠಾಕೂರರ ಬಳಿ ಸಂಗೀತ ಕಲಿತದ್ದು, ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತು ಮುಂದೆ ಅದರ ನಿರ್ದೇಶಕರೇ ಆದದ್ದು, 1989ರಲ್ಲಿ ಮೈಸೂರಿನಲ್ಲಿ ರಂಗಾಯಣ ಕಟ್ಟಿದ್ದು ಎಲ್ಲ ಆಮೇಲಿನ ಮಾತು. ಕನ್ನಡ ರಂಗಸಂಗೀತದ ದಿಕ್ಕು ಬದಲಿಸಿದವರನ್ನು ರಂಗಕ್ಕೆ ಹತ್ತಿಸಿದ್ದು ಹಳ್ಳಿ ಶಾಲೆಯ ಒಂದು ನಾಟಕ. ಲೇಖಕಿ ವೈದೇಹಿಯವರು ಬರೆದುಕೊಂಡ ಕಾರಂತರ ಆತ್ಮಕಥನ ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆಯನ್ನು ಓದಿದವರಿಗೆ, ಬಾಲ್ಯದಲ್ಲಿ ಕಿವಿಗೆ ಬಿದ್ದ ಸದ್ದುಗಳು ಅವರ ಕೆಲಸದಲ್ಲಿ ಎಷ್ಟು ಆಳಕ್ಕೆ ಇಳಿದಿದ್ದವೆಂಬುದು ತಿಳಿದೀತು.

ಬಂಟ್ವಾಳವಿರುವ ಜಿಲ್ಲೆಯಲ್ಲೇ, ಪುತ್ತೂರಿನಲ್ಲಿ, ಶಿವರಾಮ ಕಾರಂತರು 1930ರ ದಶಕದಲ್ಲಿ ಬಾಲವನ ಕಟ್ಟಿ ಮಕ್ಕಳ ಕಲಿಕೆಯಲ್ಲಿ ಹಾಡು, ಕುಣಿತ, ಚಿತ್ರಗಳಿಗೆ ಪಾಠದಷ್ಟೇ ಜಾಗ ಕೊಟ್ಟರು. ಮುಕ್ತದ್ವಾರ, ಕಿಸಾಗೋತಮಿಗಳಂಥ ಗೀತನಾಟಕಗಳನ್ನು ಬರೆದು ಆಡಿಸಿದರು. ಇದಕ್ಕೂ ಹಿಂದೆ ಬಂಗಾಳದಲ್ಲಿ ರವೀಂದ್ರನಾಥ ಠಾಕೂರರು 1901ರಲ್ಲಿ ಶಾಂತಿನಿಕೇತನದ ಆಶ್ರಮಶಾಲೆ ತೆರೆದು, 1908ರಲ್ಲಿ ಅಲ್ಲಿನ ಮಕ್ಕಳಿಗಾಗಿ ಶಾರದೋತ್ಸವ ಎಂಬ ಹಾಡಿನ ನಾಟಕ ಬರೆದಿದ್ದರು. ಅಲ್ಲಿ ಗುರುಗಳೂ ಶಿಷ್ಯರೂ ಜೊತೆಯಲ್ಲೇ ಪಾತ್ರ ಮಾಡುತ್ತಿದ್ದರು. ಠಾಕೂರರದೇ ಒಂದು ಗಿಳಿಯ ಕಥೆಯನ್ನು ಬಿ. ವಿ. ಕಾರಂತರು ಪಂಜರಶಾಲೆ ಎಂಬ ಮಕ್ಕಳ ನಾಟಕ ಮಾಡಿದರು. ಗಿಳಿಗೆ ವಿದ್ಯೆ ಕಲಿಸಲೆಂದು ಚಿನ್ನದ ಪಂಜರ ಮಾಡಿಸಿ, ಅದರ ಬಾಯಿಗೆ ಪುಸ್ತಕದ ಹಾಳೆ ತುರುಕಿ, ಕೊನೆಗೆ ಕೊಂದೇ ಬಿಡುವ ಆ ಕಥೆ ಶಾಲೆಯ ಕುರಿತಾದದ್ದು; ಅದನ್ನು ಶಾಲೆಯ ಅಂಗಳದಲ್ಲೇ ಹಾಡಿ ಕುಣಿದು ಆಡಬಹುದೆಂದು ತೋರಿಸಿದ್ದು ಕಾರಂತರ ಧೈರ್ಯ. ಪ್ರೇಮಾ ಕಾರಂತರ ಬೆನಕ ಮಕ್ಕಳ ತಂಡದಿಂದ ಹಿಡಿದು ಜಿಲ್ಲೆ ಜಿಲ್ಲೆಗಳ ಬೇಸಿಗೆ ಶಿಬಿರಗಳವರೆಗೆ ಹಾಡೇ ಬೆನ್ನೆಲುಬಾದ ಮಕ್ಕಳ ನಾಟಕದ ಒಂದು ಪರಂಪರೆ ಮುಂದೆ ಬೆಳೆಯಿತು. ವೈದೇಹಿಯವರ ಮಕ್ಕಳ ನಾಟಕಗಳು, ಚನ್ನಗಿರಿ ತಾಲ್ಲೂಕಿನ ಹೋದಿಗೆರೆಯವರಾದ ಎಚ್. ಎಸ್. ವೆಂಕಟೇಶಮೂರ್ತಿಯವರ ನಾಟಕಗಳು ಆ ಪರಂಪರೆಗೆ ಬೇಕಾದ ಪಠ್ಯ ಒದಗಿಸಿದವು.

ಇನ್ನು ಊರು ಶಾಲೆಯ ನಾಟಕಕ್ಕೆ ಕೈಕೂಡಿಸುತ್ತಿದ್ದ ಬಗೆ. ವಾರ್ಷಿಕೋತ್ಸವದ ದಿನ ಗೊತ್ತಾದೊಡನೆ ಮೇಷ್ಟ್ರು ಮೊದಲು ಹುಡುಕುತ್ತಿದ್ದುದು ಹಾರ್ಮೋನಿಯಂ ಇರುವ ಮನೆಯನ್ನು. ಸೀಮೆಗೆ ಒಂದೋ ಎರಡೋ ಇರುತ್ತಿದ್ದ ಆ ಪೆಟ್ಟಿಗೆಯ ಜೊತೆಗೆ ಅದನ್ನು ನುಡಿಸಬಲ್ಲವರೂ ಬರಬೇಕಿತ್ತು. ಭಜನೆಯ ತಬಲಾದವರು, ಯಕ್ಷಗಾನದ ಮದ್ದಳೆ ಗೊತ್ತಿದ್ದವರು, ಡೊಳ್ಳಿನ ತಂಡದವರು ಇವರಲ್ಲಿ ಯಾರು ಸಿಕ್ಕರೆ ನಾಟಕದ ತಾಳ ಆ ಕಡೆಗೆ ವಾಲುತ್ತಿತ್ತು. ಒಂದೇ ಪುಸ್ತಕದ ನಾಟಕ ಸೊರಬದ ಕಡೆ ಡೊಳ್ಳಿನ ಗತ್ತಿನಲ್ಲಿ, ಹೊಸನಗರದ ಕಡೆ ಬಡಗುತಿಟ್ಟಿನ ಹೆಜ್ಜೆಯಲ್ಲಿ ಕಾಣಿಸಿಕೊಳ್ಳುತ್ತಿದ್ದುದು ಇದರಿಂದ. ನಾಟಕದ ಗುಣ ಕೆಟ್ಟಿತೆಂದು ಇದನ್ನು ಎಣಿಸಬೇಕಾಗಿಲ್ಲ. ಊರಿನ ತಾಳಕ್ಕೆ ಮಕ್ಕಳ ಕಾಲು ತಾನಾಗಿಯೇ ಕೂಡುತ್ತದೆ.

ರಂಗ ಕಟ್ಟುವುದು ಗಂಡಸರ ಕೆಲಸ. ಅಡಿಕೆ ಮರದ ದಬ್ಬೆ, ಸೋಗೆ, ಬಳ್ಳಿ ಇವೆಲ್ಲ ತೋಟದಿಂದ. ಹಲಗೆಗಳು ಮನೆಮನೆಯ ಅಟ್ಟದಿಂದ. ಹೊತ್ತು ತರಲು ಎತ್ತಿನ ಗಾಡಿ ಇದ್ದವರಿಂದ. ಕರೆಂಟು ಬರುವ ಮೊದಲು ಗ್ಯಾಸ್‌ಲೈಟ್ ಹೊಂದಿಸುವುದೇ ದೊಡ್ಡ ಕೆಲಸ. ಮ್ಯಾಂಟಲ್ ಒಡೆಯದಂತೆ, ನಡುವೆ ಗಾಳಿ ಹಾಕುತ್ತ, ಇಡೀ ರಾತ್ರಿ ಕಾಯಲು ಒಬ್ಬರನ್ನು ಅದಕ್ಕೆಂದೇ ನೇಮಿಸುತ್ತಿದ್ದರು. ಪರದೆಗಳಲ್ಲಿ ಅರಮನೆ, ಕಾಡು, ಬೀದಿ ಎಂಬ ಮೂರಿದ್ದರೆ ಸಾಕು. ಅವನ್ನು ಪಟ್ಟಣದ ಸೀನರಿ ಅಂಗಡಿಯಿಂದ ಬಾಡಿಗೆಗೆ ತರುತ್ತಿದ್ದರು. ಬಾಡಿಗೆಯ ಹಣಕ್ಕೆ ಮನೆಮನೆಯ ಪಟ್ಟಿ ಎತ್ತುವುದು. ನಗದು ಇಲ್ಲದವರು ಅಕ್ಕಿ, ಬೆಲ್ಲ, ತೆಂಗಿನಕಾಯಿ ಕೊಟ್ಟರೆ ಆ ದಿನದ ಅಡುಗೆಗೆ ಆಯಿತು. ಮನೆಗೊಂದು ಕುಡಿಕೆ ತಂದು ಸೇರಿಸುವ ಈ ಲೆಕ್ಕ ಗೋಪಾಲನ ಕಥೆಯದೇ ಲೆಕ್ಕ.

ಹೆಂಗಸರ ಪಾಲು ಹೆಚ್ಚಿನದಾದರೂ ಹೇಳಿಕೊಂಡವರು ಕಡಿಮೆ. ಮದುವೆಯ ಸೀರೆ, ಸರ, ಸೊಂಟದಪಟ್ಟಿ ಪೆಟ್ಟಿಗೆಯಿಂದ ಹೊರಬಂದು ಶಕುಂತಲೆಗೂ ಸೀತೆಗೂ ಆಗುತ್ತಿದ್ದವು. ಮಗುವಿಗೆ ಹಾಡು ಬಾಯಿಗೆ ಬರುವವರೆಗೆ ಹೇಳಿಕೊಟ್ಟವರೂ ಹೆಚ್ಚಾಗಿ ಮನೆಯ ಅಜ್ಜಿಯರೇ. ರಾತ್ರಿ ಅಡಿಕೆ ಸುಲಿಯಲು ಕೂತ ಹತ್ತಾರು ಜನರ ನಡುವೆ ಹುಡುಗನನ್ನು ನಿಲ್ಲಿಸಿ ಹಾಡಿಸುವುದು, ತಪ್ಪಿದಲ್ಲಿ ನಾಲ್ಕು ಕಡೆಯಿಂದ ತಿದ್ದುವುದು ಒಂದು ಬಗೆಯ ತಾಲೀಮೇ ಆಗಿತ್ತು. ತಿಂಗಳು ಕಳೆಯುವ ಹೊತ್ತಿಗೆ ಪಾತ್ರ ಇಲ್ಲದವರಿಗೂ ನಾಟಕದ ಅಷ್ಟೂ ಹಾಡು ಬಾಯಿಪಾಠ. ಪ್ರದರ್ಶನದ ರಾತ್ರಿ ಹುಡುಗನೊಬ್ಬ ಅಂಜಿ ಸಾಲು ಮರೆತರೆ ಚಪ್ಪರದ ಕಡೆಯಿಂದಲೇ ಆ ಸಾಲು ಎದ್ದು ಬರುತ್ತಿದ್ದುದಕ್ಕೆ ಕಾರಣ ಇದು. ನೋಡುವವರಿಗೆಲ್ಲ ಹಾಡು ಮೊದಲೇ ಗೊತ್ತಿರುವ ನಾಟಕ ಹಳ್ಳಿ ಶಾಲೆಯಲ್ಲಲ್ಲದೆ ಬೇರೆಲ್ಲಿಯೂ ಸಿಗುವುದು ಕಷ್ಟ.

ಊರನ್ನು ಕೂಡಿಸಿದ್ದು ಹಾಡೇ ಎಂಬುದನ್ನು ಒತ್ತಿ ಹೇಳಬೇಕು. ಮಾತಿನ ನಾಟಕದಲ್ಲಿ ಹೊರಗಿನವರಿಗೆ ನೋಡುವ ಕೆಲಸ ಮಾತ್ರ. ಹಾಡಿನ ನಾಟಕದಲ್ಲಿ ನುಡಿಸುವವರು, ಸೊಲ್ಲು ಕೂಡಿಸುವವರು, ತಾಳ ಹಾಕುವವರು ಎಷ್ಟು ಮಂದಿಯಾದರೂ ಬೇಕು. ವಯಸ್ಸು, ಜಾತಿ, ಓದು ಅಡ್ಡ ಬರುವುದು ಅಲ್ಲಿ ಕಡಿಮೆ. ಆದರೆ ಹಾಗೆ ಎಲ್ಲರೂ ಎಲ್ಲೆಡೆ ಸೇರಿದ್ದರೆಂದು ಬರೆದರೆ ಸುಳ್ಳಾಗುತ್ತದೆ. ಹೆಣ್ಣುಮಕ್ಕಳು ಶಾಲೆಯ ರಂಗಕ್ಕೆ ಬರಲು ಬಹಳ ವರ್ಷ ಹಿಡಿಯಿತು. ಡೊಳ್ಳು, ಡಕ್ಕೆ ಬಲ್ಲವರ ಕಲೆ ಬೇಕಾಗಿದ್ದ ಕಡೆಯಲ್ಲೇ ಅವರಿಗೆ ಪಂಕ್ತಿ ಬೇರೆ ಇದ್ದದ್ದೂ ನಿಜ. ಶಾಲೆಯ ಅಂಗಳ ಆ ಗೋಡೆಗಳನ್ನು ಕೆಡವಲಿಲ್ಲ, ಕೆಲವು ರಾತ್ರಿಗಳ ಮಟ್ಟಿಗೆ ತಗ್ಗಿಸಿತು.

ಶಿವಮೊಗ್ಗ ಜಿಲ್ಲೆಯದೇ ಆದ ಕಾರ್ಖಾನೆ ಪಟ್ಟಣ ಭದ್ರಾವತಿಯಲ್ಲಿ ಊರು ಎಂಬುದರ ಅರ್ಥವೇ ಬೇರೆ. 1923ರಲ್ಲಿ ಕಬ್ಬಿಣದ ಕಾರ್ಖಾನೆ, 1930ರ ದಶಕದಲ್ಲಿ ಕಾಗದದ ಕಾರ್ಖಾನೆ ಬಂದ ಮೇಲೆ ನಾಡಿನ ನಾನಾ ಕಡೆಯ ಜನ, ಕನ್ನಡದ ಜೊತೆಗೆ ತಮಿಳು, ತೆಲುಗು, ಉರ್ದು ಆಡುವವರು, ಅಲ್ಲಿ ಬಂದು ನೆಲೆಸಿದರು. ಕಾರ್ಖಾನೆಯ ಕಾಲೊನಿಗಳಲ್ಲಿ ಸಮಾನವಾದ ಹಳೆಯ ಹಾಡೆಂಬುದಿರಲಿಲ್ಲ. ಶಾಲೆ, ಗಣೇಶೋತ್ಸವ, ರಾಜ್ಯೋತ್ಸವಗಳೇ ಅಕ್ಕಪಕ್ಕದವರನ್ನು ಒಂದು ಚಪ್ಪರದಡಿಗೆ ತಂದವು. 1965ರಲ್ಲಿ ಭದ್ರಾವತಿ ಆಕಾಶವಾಣಿ ಆರಂಭವಾದಾಗ ಮಕ್ಕಳ ಕಾರ್ಯಕ್ರಮಗಳಿಗೆ ಬಾಗಿಲು ತೆರೆಯಿತು. ಕೇಳುವವರ ಊರು ಜಿಲ್ಲೆಯಷ್ಟು ದೊಡ್ಡದಾಯಿತು.

ಊರು ಮತ್ತು ರಂಗಭೂಮಿಯ ನಂಟನ್ನು ಯೋಚಿಸಿ ಬೆಳೆಸಿದ್ದು ಸಾಗರ ತಾಲ್ಲೂಕಿನ ಹೆಗ್ಗೋಡು. 1949ರಲ್ಲಿ ಅಲ್ಲಿನ ಅಡಿಕೆ ಬೆಳೆಗಾರರು, ಯುವಕರು ಸೇರಿ ನೀಲಕಂಠೇಶ್ವರ ನಾಟ್ಯಸೇವಾ ಸಂಘ ಕಟ್ಟಿದರು. ನೀನಾಸಮ್ ಎಂದು ದೇಶಕ್ಕೆ ಗೊತ್ತಿರುವುದು ಅದೇ. ಕೆ. ವಿ. ಸುಬ್ಬಣ್ಣನವರ ಮುಂದಾಳುತನದಲ್ಲಿ 1972ರಲ್ಲಿ ಶಿವರಾಮ ಕಾರಂತರ ಹೆಸರಿನ ರಂಗಮಂದಿರ, 1980ರಲ್ಲಿ ರಂಗಶಿಕ್ಷಣ ಕೇಂದ್ರ, 1985ರಲ್ಲಿ ತಿರುಗಾಟ ಎಂಬ ಸಂಚಾರಿ ತಂಡ ಬಂದವು. 1983ರಿಂದ 1985ರವರೆಗೆ ನಡೆದ ಜನಸ್ಪಂದನ ಯೋಜನೆಯಲ್ಲಿ ತರಬೇತಾದ ತರುಣರು ರಾಜ್ಯದ ಹಳ್ಳಿಗಳಿಗೆ ಹೋಗಿ, ಅಲ್ಲಿಯವರಿಂದಲೇ ನಾಟಕ ಮಾಡಿಸಿದರು. ಹೊರಗಿನಿಂದ ಬಂದವರು ನಾಟಕ ತೋರಿಸಿ ಹೋಗುವುದಲ್ಲ, ಊರಿನವರು ತಮ್ಮ ಕೈಯಿಂದ ಮಾಡುವುದು ಎಂಬ ತತ್ತ್ವ ಅದರಲ್ಲಿತ್ತು. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಹೆಗ್ಗೋಡಿನಲ್ಲಿ ಕಲಿತವರಲ್ಲಿ ಅನೇಕರು ಮಕ್ಕಳೊಂದಿಗೆ ಕೆಲಸ ಮಾಡುವುದನ್ನೇ ಆರಿಸಿಕೊಂಡರು. ಕೆಲವರು ಪ್ರೌಢಶಾಲೆಗಳಲ್ಲಿ ನಾಟಕದ ಮೇಷ್ಟ್ರಾದರು. ಶರಾವತಿ ಹಿನ್ನೀರಿನಾಚೆಯ ತುಮರಿಯಲ್ಲಿ ಕೆ. ಜಿ. ಕೃಷ್ಣಮೂರ್ತಿಯವರು ಕಟ್ಟಿದ ಕಿನ್ನರಮೇಳ ಮಕ್ಕಳಿಗಾಗಿಯೇ ನಾಟಕ ಕಟ್ಟಿ ಶಾಲೆಯಿಂದ ಶಾಲೆಗೆ ತಿರುಗಿತು. ಲಾಂಚಿನಲ್ಲಿ ಹೊಳೆ ದಾಟಿದರೆ ಮಾತ್ರ ಹೊರಲೋಕ ಸಿಗುತ್ತಿದ್ದ ಊರದು.

ಕರಾವಳಿಯಲ್ಲಿ ಇದೇ ಕೆಲಸ ಯಕ್ಷಗಾನದ ಹಾದಿಯಲ್ಲಿ ನಡೆಯಿತು. ಕಾರ್ಕಡ ಶ್ರೀನಿವಾಸ ಉಡುಪ ಮತ್ತು ಎಚ್. ಶ್ರೀಧರ ಹಂದೆಯವರು 1970ರ ದಶಕದಲ್ಲಿ ಕಟ್ಟಿದ ಸಾಲಿಗ್ರಾಮ ಮಕ್ಕಳ ಮೇಳ ಮಕ್ಕಳಿಂದಲೇ ಪ್ರಸಂಗ ಆಡಿಸಿ ದೂರದ ನಗರಗಳಿಗೂ ಹೋಯಿತು. ಈ ಶತಮಾನದಲ್ಲಿ ಉಡುಪಿಯ ಯಕ್ಷಶಿಕ್ಷಣ ಟ್ರಸ್ಟ್ ಪ್ರೌಢಶಾಲೆಗಳಿಗೆ ಗುರುಗಳನ್ನು ಕಳಿಸಿ ಯಕ್ಷಗಾನ ಕಲಿಸುತ್ತಿದೆ. ಹೆಣ್ಣುಮಕ್ಕಳು ಗಂಡುಮಕ್ಕಳಷ್ಟೇ ಹುರುಪಿನಿಂದ ಗೆಜ್ಜೆ ಕಟ್ಟುತ್ತಾರೆ. ಗದಗಿನ ವೀರೇಶ್ವರ ಪುಣ್ಯಾಶ್ರಮದ್ದು ಮತ್ತೊಂದು ರೀತಿ. ಅಲ್ಲಿ ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಅಂಧ ಮಕ್ಕಳ ಸಂಗೀತ ಶಾಲೆಯನ್ನು ಸಾಕಲು ನಾಟಕ ಕಂಪನಿಯನ್ನೇ ನಡೆಸಿದರು. ಊರು ಶಾಲೆಯ ನಾಟಕಕ್ಕೆ ಹಣ ಕೊಡುವುದು ಎಲ್ಲೆಡೆಯ ಪದ್ಧತಿ. ಅಲ್ಲಿ ನಾಟಕ ನೋಡಲು ಬಂದ ಊರೂರ ಜನ ಶಾಲೆಯ ಒಲೆ ಉರಿಸಿದರು.

ಶಾಲೆಯ ಸಂಗೀತ ನಾಟಕಕ್ಕೆ ಸುತ್ತಲ ಜನರನ್ನು ಸೇರಿಸಿಕೊಳ್ಳುವ ಕ್ರಮ ಬೇರೆ ನಾಡುಗಳಲ್ಲೂ ಇದೆ. ಇಂಗ್ಲೆಂಡಿನ ಸಫೋಕ್ ಸೀಮೆಯ ಆರ್ಫರ್ಡ್ ಚರ್ಚಿನಲ್ಲಿ 1958ರ ಜೂನ್ 18ರಂದು ಮೊದಲ ಪ್ರದರ್ಶನ ಕಂಡ ಬೆಂಜಮಿನ್ ಬ್ರಿಟನ್ ಅವರ ನೋಯ್ಸ್ ಫ್ಲಡ್ ಅದರ ಒಳ್ಳೆಯ ನಿದರ್ಶನ. ಜಲಪ್ರಳಯದ ಆ ಕಥೆಯಲ್ಲಿ ಪ್ರಾಣಿಗಳ ಜೋಡಿಗಳಾಗಿ ಶಾಲೆಯ ಮಕ್ಕಳು ನಾವೆ ಹತ್ತುತ್ತಾರೆ, ಮಳೆಹನಿಯ ಸದ್ದಿಗೆ ನೇತುಹಾಕಿದ ಲೋಟಗಳನ್ನು ಬಡಿಯುತ್ತಾರೆ, ನೋಡಲು ಬಂದವರೆಲ್ಲ ಎದ್ದು ಪ್ರಾರ್ಥನಾಗೀತೆ ಹಾಡುತ್ತಾರೆ. ಇದು ಒಬ್ಬ ದೊಡ್ಡ ಸಂಗೀತಗಾರ ಯೋಚಿಸಿ ಬರೆದಿಟ್ಟದ್ದು. ಮಲೆನಾಡಿನ ಚಪ್ಪರದಲ್ಲಿ ಅಂಥದೇ ಕೂಡುವಿಕೆ ಯಾರೂ ಬರೆದಿಡದೆ ನಡೆದುಬಂತು. ಬರೆದಿಟ್ಟದ್ದು ಉಳಿಯುತ್ತದೆ, ಬರೆಯದೆ ನಡೆದದ್ದು ಆಡುವವರಿಲ್ಲದಾಗ ಅಳಿಯುತ್ತದೆ.

ಅಳಿವು ಸದ್ದಿಲ್ಲದೆ ಬಂತು. ಮೊದಲು ಟೇಪ್‌ರೆಕಾರ್ಡರ್, ಆಮೇಲೆ ಸಿ.ಡಿ., ಈಗ ಪೆನ್‌ಡ್ರೈವ್. ಸಿನಿಮಾ ಹಾಡಿಗೆ ಐದು ನಿಮಿಷದ ಕುಣಿತ ಕಲಿಸುವುದು ಸುಲಭ. ಪ್ರತಿ ಮಗುವೂ ವೇದಿಕೆಗೆ ಬಂದಂತಾಗುತ್ತದೆ, ಪಾಠದ ಹೊತ್ತೂ ಹಾಳಾಗುವುದಿಲ್ಲ. ಈ ಲೆಕ್ಕ ತಪ್ಪೆಂದು ಮೇಷ್ಟ್ರುಗಳನ್ನು ದೂರುವಂತಿಲ್ಲ. ಆದರೆ ಹಾಡು ಪೆಟ್ಟಿಗೆಯೊಳಗಿಂದ ಬರತೊಡಗಿದ ದಿನ ಹಾರ್ಮೋನಿಯಂ ನುಡಿಸುವವರಿಗೆ, ಮದ್ದಳೆಯವರಿಗೆ, ಹಾಡು ಕಲಿಸುವ ಅಜ್ಜಿಗೆ ಶಾಲೆಯಲ್ಲಿ ಕೆಲಸ ಇಲ್ಲದಾಯಿತು. ವೇಷ ಬಾಡಿಗೆ ಅಂಗಡಿಯಿಂದ, ಶಾಮಿಯಾನ ಪಟ್ಟಣದಿಂದ ಬಂದಾಗ ದಬ್ಬೆ ಸೋಗೆಯವರೂ ಪ್ರೇಕ್ಷಕರಾದರು. ಮಕ್ಕಳು ಬೆಳಗಾದರೆ ವ್ಯಾನು ಹತ್ತಿ ಪಟ್ಟಣದ ಶಾಲೆಗೆ ಹೋಗುವುದರಿಂದ ಹಳ್ಳಿಯ ಸರ್ಕಾರಿ ಶಾಲೆಗಳಲ್ಲಿ ಒಂದು ನಾಟಕಕ್ಕೆ ಬೇಕಾದಷ್ಟು ಮಕ್ಕಳೇ ಸಿಗದ ಕಡೆಗಳೂ ಇವೆ.

ಈ ನಡುವೆ, 2001ರಲ್ಲಿ, ಕರ್ನಾಟಕ ಸರ್ಕಾರ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳನ್ನು ಮಾಡಿ ಪೋಷಕರನ್ನು ಶಾಲೆಯ ಆಡಳಿತಕ್ಕೆ ತಂದಿತು. ಪ್ರತಿಭಾ ಕಾರಂಜಿ ಎಂಬ ಶಾಲಾ ಸ್ಪರ್ಧೆ ಮಕ್ಕಳಿಗೆ ವೇದಿಕೆ ಕೊಟ್ಟಿತು. ಎರಡೂ ಬೇಕಾಗಿದ್ದವೇ. ಕಟ್ಟಡ, ಬಿಸಿಯೂಟ, ಹಾಜರಾತಿಗಳ ಮೇಲುಸ್ತುವಾರಿಗೆ ಸಮಿತಿ ಸರಿಯಾದ ಸಾಧನ. ಹಾಡು ಕೂಡಿಸುವುದು ಮಾತ್ರ ಸಭೆಯ ನಡಾವಳಿಯಲ್ಲಿ ಬರುವಂಥದಲ್ಲ. ಮತ್ತು ಸ್ಪರ್ಧೆಗೆಂದು ಕಲಿತ ಹಾಡು ತೀರ್ಪುಗಾರರ ಕಡೆ ಮುಖಮಾಡಿರುತ್ತದೆ, ಊರಿನ ಕಡೆಗಲ್ಲ.

ತುಂಗೆಯ ದಂಡೆಯಲ್ಲಿ ಊರಿನ ಕಡೆ ಮುಖಮಾಡಿದ ನಾಟಕಕ್ಕೆ ಬೇಕಾದವರು ಇನ್ನೂ ಇದ್ದಾರೆ. ಹೊಸಹಳ್ಳಿಯಲ್ಲಿ ಗಮಕ ಕಲಿತವರಿದ್ದಾರೆ, ತೀರ್ಥಹಳ್ಳಿ ಸೀಮೆಯಲ್ಲಿ ಅಂಟಿಗೆ ಪಂಟಿಗೆ ಹಾಡುವವರಿದ್ದಾರೆ, ಶಿವಮೊಗ್ಗದಲ್ಲೂ ಒಂದು ರಂಗಾಯಣವಿದೆ, ಹೆಗ್ಗೋಡಿನಲ್ಲಿ ಕಲಿತು ಬಂದವರು ಜಿಲ್ಲೆಯ ತುಂಬ ಇದ್ದಾರೆ. ಸಕ್ರೆಬೈಲಿನಿಂದ ಕುಪ್ಪಳಿಯವರೆಗಿನ ಶಾಲೆಗಳ ಮೇಷ್ಟ್ರುಗಳೂ ಸಮಿತಿಯವರೂ ಬರುವ ವಾರ್ಷಿಕೋತ್ಸವಕ್ಕೆ ಒಂದು ತಿಂಗಳು ಮುಂಚೆ ಇವರಲ್ಲಿ ಒಬ್ಬರನ್ನಾದರೂ ಮನೆಗೆ ಹೋಗಿ ಕರೆಯಬೇಕು. ಕಿಂದರಿಜೋಗಿಯ ಇಲಿಗಳಾಗಲು ಶಾಲೆಯಲ್ಲಿ ಮಕ್ಕಳು ಸಾಲದಿದ್ದರೆ ಪಕ್ಕದೂರಿನ ಶಾಲೆಯವರನ್ನೂ ಸೇರಿಸಿಕೊಳ್ಳಬಹುದು.